ಅಮ್ಮನ ಸೀರೆಯ ಬಣ್ಣ: ಒಂದು ಹಳೆಯ ಫೋಟೋದ ಪ್ರಕರಣ

ಫೋಟೋ ನನ್ನ ಕೈಗೆ ಬಂದದ್ದು ಒಂದು ಹಳೆಯ ಪಂಚಾಂಗದ ಹಾಳೆಗಳ ನಡುವೆ. ಮತ್ತೆ ಮಡಚದಿರಲಿ ಅಂತ ದೊಡ್ಡ ಮಗಳು ಹಾಗೆ ಇಟ್ಟುಕೊಂಡು ಬ್ರಹ್ಮಾವರದಿಂದ ಬಸ್ಸಿನಲ್ಲಿ ತಂದಿದ್ದರು. 3.5 ಇಂಚು ಅಗಲ, 5 ಇಂಚು ಎತ್ತರದ ಕಲರ್ ಪ್ರಿಂಟ್. ಒಂದು ಮೂಲೆಯನ್ನು ಹುಳ ತಿಂದಿತ್ತು. ನಡುವೆ ಮಡಿಕೆಯ ಗೆರೆ. ಇಡೀ ಚಿತ್ರದ ಮೇಲೆ ಕಾವಿ ನೀರು ಚೆಲ್ಲಿ ಒರೆಸಿದ ಹಾಗೆ ಒಂದು ಕೆಂಪು.

"ಅಮ್ಮ ತೀರಿಹೋಗಿ ಬರುವ ತಿಂಗಳಿಗೆ ವರ್ಷ ಆಗ್ತದೆ. ವರ್ಷಾಂತಿಕದ ದಿನ ಹಾಲ್‌ನಲ್ಲಿ ಇಡಬೇಕು. ದೊಡ್ಡದು ಮಾಡಿ ಕೊಡಿ. ಒಳ್ಳೆ ಮಾಡಿ ಕೊಡಿ" ಅಂದರು.

"ಒಳ್ಳೆ ಮಾಡಿ" ಅನ್ನುವ ಈ ಮಾತು ನನಗೆ ದಿನಾ ಕೇಳಿ ಅಭ್ಯಾಸ. ಉಡುಪಿಯಲ್ಲಿ ಹಳೆಯ ಫೋಟೋ ಸರಿಮಾಡಿ ಕೊಡುವುದು ನನ್ನ ಕೆಲಸ. ಇಪ್ಪತ್ತು ವರ್ಷ ದಾಟಿತು. ಆ ಮಾತಿನ ಅರ್ಥ ಏನು ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಗೊತ್ತಿದೆ ಅಂದುಕೊಂಡಿದ್ದೆ. ಈ ಒಂದು ಫೋಟೋದಲ್ಲಿ ಗೊತ್ತಾಯಿತು, ಒಂದೇ ಮನೆಯ ನಾಲ್ಕು ಮಂದಿ ಆ ಮಾತನ್ನು ನಾಲ್ಕು ಅರ್ಥದಲ್ಲಿ ಹೇಳುತ್ತಾರೆ, ನನ್ನದು ಐದನೆಯ ಅರ್ಥ ಅಂತ. ಅದಕ್ಕೇ ಇದನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ. ಮನೆಯವರ ಒಪ್ಪಿಗೆ ಇದೆ. ಹೆಸರು ಮಾತ್ರ ಬೇಡ ಅಂದರು.

ಫೋಟೋದಲ್ಲಿ ಇದ್ದದ್ದು

ರಥಬೀದಿ. ಹಿಂದೆ ಬಾಳೆಗಿಡ ಕಟ್ಟಿದ ಕಮಾನು, ಅದರಾಚೆ ಹೆಂಚಿನ ಮಾಡು. ನಡುವೆ ಅಮ್ಮ ನಿಂತಿದ್ದಾರೆ. ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು. ಸೊಂಟದಲ್ಲಿ ಒಂದೂವರೆ ವರ್ಷದ ಗಂಡು ಮಗು. ಸೆರಗು ಹಿಡಿದು, ಮುಖ ಗಂಟು ಹಾಕಿ ನಿಂತ ಐದು ವರ್ಷದ ಹುಡುಗಿ. ಅವರೇ ಈಗ ಪಂಚಾಂಗ ಹಿಡಿದು ನನ್ನೆದುರು ಕೂತಿದ್ದ ದೊಡ್ಡ ಮಗಳು. ಚಿತ್ರದ ಎಡ ಅಂಚಿನಲ್ಲಿ ಯಾರದೋ ಮೊಣಕೈ ಕೆಳಗಿನ ಕೈ, ಅದರಲ್ಲಿ ವಾಚು, ಮೇಲೆ ಛತ್ರಿಯ ತುಂಡು. ಆ ಮನುಷ್ಯ ಚಿತ್ರದೊಳಗೆ ಇಲ್ಲ.

ಯಾವಾಗಿನದು ಅಂತ ಕೇಳಿದೆ. "ಪೇಜಾವರ ಪರ್ಯಾಯದ್ದು" ಅಂದರು. ನಮ್ಮ ಕಡೆ ಹಳೆಯ ಸಂಗತಿಗೆ ಇಸವಿ ಹೇಳುವವರು ಕಡಿಮೆ, ಯಾರ ಪರ್ಯಾಯ ಅಂತ ಹೇಳುವವರೇ ಜಾಸ್ತಿ. ಪರ್ಯಾಯ ಅಂದರೆ ಉಡುಪಿ ಕೃಷ್ಣನ ಪೂಜೆಯ ಸರದಿ. ಎಂಟು ಮಠ, ಒಂದೊಂದಕ್ಕೆ 2 ವರ್ಷ. ಒಂದು ಮಠದ ಸರದಿ ಮತ್ತೆ ಬರಲು 16 ವರ್ಷ ಬೇಕು. ಪೇಜಾವರ ಮಠದ್ದು ಅಂದರೆ 1968, 1984, 2000, 2016. ಹುಡುಗಿ ಹುಟ್ಟಿದ್ದು 1979ರಲ್ಲಿ. ಹಾಗಾದರೆ ಆ ಸರದಿ ಶುರುವಾದ ದಿನ, 1984ರ ಜನವರಿ 18. ಮುಂಬೈಯಿಂದ ಬಂದಿದ್ದ ಮಾವ ತೆಗೆದದ್ದಂತೆ. ಅವರು ವಾಪಸ್ ಹೋಗಿ, ಅಲ್ಲೇ ರೀಲು ತೊಳೆಸಿ, ಅಂಚೆಯಲ್ಲಿ ಕಳಿಸಿದ್ದರು. ನೆಗೆಟಿವ್ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಮಾವನೂ ಈಗ ಇಲ್ಲ.

ಮೊದಲ ಸಲ ನಾನು ಮಾಡಿದ್ದು

ಸ್ಕ್ಯಾನ್ ಮಾಡಿದೆ. ಮಡಿಕೆಯ ಗೆರೆ, ಹುಳ ತಿಂದ ಮೂಲೆ, ಬೂಷ್ಟಿನ ಚುಕ್ಕೆ ಸರಿ ಮಾಡುವುದಕ್ಕೆ ಅರ್ಧ ದಿನ ಹಿಡಿಯಿತು. ಆ ಬಗ್ಗೆ ಹೇಳುವಂಥದ್ದು ಏನಿಲ್ಲ. ಕತೆ ಇರುವುದು ಬಣ್ಣದಲ್ಲಿ.

ಆ ಕಾಲದ ಕಲರ್ ಪ್ರಿಂಟ್‌ನಲ್ಲಿ ಮೂರು ಬಣ್ಣದ ಪದರ ಇರುತ್ತದೆ: ಹಳದಿ, ಮಜಂತಾ, ಸಯಾನ್. ಮಜಂತಾ ಅಂದರೆ ಕೆನ್ನೀಲಿಗೆ ಹತ್ತಿರದ ಗುಲಾಬಿ, ಸಯಾನ್ ಅಂದರೆ ಹಸಿರು ಬೆರೆತ ನೀಲಿ. ಈ ಮೂರೂ ಒಂದೇ ವೇಗದಲ್ಲಿ ಮಾಸುವುದಿಲ್ಲ. ಬಿಸಿಲು ಬೀಳುವ ಗೋಡೆಯಲ್ಲಿ ತೂಗಿದರೆ ಸಾಮಾನ್ಯವಾಗಿ ಮಜಂತಾ ಬೇಗ ಹೋಗುತ್ತದೆ. ಆಲ್ಬಮ್ಮಿನ ಕತ್ತಲಲ್ಲಿ ಇಟ್ಟರೆ ಆ ಕಾಲದ ಪ್ರಿಂಟುಗಳಲ್ಲಿ ಮೊದಲು ಹೋಗುವುದು ಸಯಾನ್. ನಮ್ಮ ಕರಾವಳಿಯ ಸೆಕೆ, ಮಳೆಗಾಲದ ಥಂಡಿ ಎರಡೂ ಅದನ್ನು ಇನ್ನೂ ಬೇಗ ಕಳಿಸುತ್ತವೆ. ಸಯಾನ್ ಹೋದರೆ ಉಳಿಯುವುದು ಹಳದಿ ಮತ್ತು ಮಜಂತಾ. ಎರಡೂ ಸೇರಿದರೆ ಕೆಂಪು. ನಮ್ಮೆಲ್ಲರ ಮನೆಯ ಹಳೆಯ ಆಲ್ಬಮ್ಮಿನಲ್ಲಿ ಎಪ್ಪತ್ತು, ಎಂಬತ್ತರ ದಶಕದ ಮದುವೆಗಳೆಲ್ಲ ಕೆಂಪಾಗಿ ಕಾಣುವುದು ಇದಕ್ಕೇ.

ಇನ್ನೊಂದು ಲೆಕ್ಕ ಇದೆ, ಈ ಪ್ರಕರಣಕ್ಕೆ ಅದೇ ಮುಖ್ಯ. ಪ್ರಿಂಟ್‌ನಲ್ಲಿ ಹಸಿರು ಬರುವುದು ಹಳದಿ ಮತ್ತು ಸಯಾನ್ ಕೂಡಿ. ಸಯಾನ್ ಹೋದರೆ ಹಸಿರು ಇದ್ದಲ್ಲಿ ಅರಸಿನ ಕಂದು ಉಳಿಯುತ್ತದೆ. ನೀಲಿ ಬರುವುದು ಸಯಾನ್ ಮತ್ತು ಮಜಂತಾ ಕೂಡಿ. ಸಯಾನ್ ಹೋದರೆ ನೀಲಿ ಇದ್ದಲ್ಲಿ ಗುಲಾಬಿ ಉಳಿಯುತ್ತದೆ.

ನನ್ನೆದುರು ಇದ್ದ ಪ್ರಿಂಟ್‌ನಲ್ಲಿ ಅಮ್ಮ ಕಾವಿ ಬಣ್ಣದ ಸೀರೆ ಉಟ್ಟಿದ್ದರು. ಅದಕ್ಕೆ ಗುಲಾಬಿ ಅಂಚು.

ನಿಜವಾದ ಬಣ್ಣ ಹುಡುಕಲು ಚಿತ್ರದೊಳಗೇ ಸಾಕ್ಷಿ ಬೇಕು. ಬಣ್ಣ ಖಂಡಿತ ಗೊತ್ತಿರುವ ವಸ್ತು ಒಂದೆರಡು ಸಿಕ್ಕಿದರೆ ಸಾಕು. ಇಲ್ಲಿ ಎರಡು ಸಿಕ್ಕಿತು. ಹಿಂದೆ ಹೋಗುತ್ತಿದ್ದ ಒಬ್ಬರ ಪಂಚೆ ಬಿಳಿ, ಈಗ ನಸುಗೆಂಪಾಗಿತ್ತು. ಕಮಾನಿನ ಬಾಳೆ ಎಲೆ ಹಸಿರು, ಈಗ ಕಂದಾಗಿತ್ತು. ಪಂಚೆ ಬಿಳಿಯಾಗುವ ತನಕ ಕೆಂಪನ್ನು ಇಳಿಸಿದೆ, ನೆರಳುಗಳಲ್ಲಿ ಗಾಢತೆ ಕೂಡಿಸಿದೆ. ನಿಧಾನಕ್ಕೆ ಬಾಳೆ ಎಲೆ ಹಸಿರಾಯಿತು. ಅದರ ಜೊತೆ ಜೊತೆಗೇ ಸೀರೆಯೂ ಹಸಿರಾಯಿತು. ಅಂಚು ನೀಲಿಯಾಯಿತು. ನಾನು ಸೀರೆಯನ್ನು ಬೇರೆಯಾಗಿ ಮುಟ್ಟಲೇ ಇಲ್ಲ. ಪರದೆಯ ಮೇಲೆ ಅದು ಬದಲಾಗುವುದನ್ನು ನೋಡಿ ನಿಜಕ್ಕೂ ಮೈ ಜುಮ್ಮೆಂದಿತು. ನಲವತ್ತು ವರ್ಷದ ಹಿಂದಿನ ಒಂದು ಮಧ್ಯಾಹ್ನ ವಾಪಸ್ ಬಂದ ಹಾಗೆ.

ಕೊನೆಗೆ ಅಳತೆ. ಅವರು ಕೇಳಿದ್ದು 12 ಇಂಚು ಅಗಲ, 18 ಇಂಚು ಎತ್ತರ. 3.5ಕ್ಕೆ 5 ಇರುವ ಚಿತ್ರ ಅದಕ್ಕೆ ಸರಿಯಾಗಿ ಕೂರುವುದಿಲ್ಲ. ಮೂಲ ಪ್ರಿಂಟ್‌ನ ಅಗಲದಲ್ಲಿ ನಾಲ್ಕು ಮಿಲಿಮೀಟರಿನಷ್ಟು ಬಿಡಲೇಬೇಕು. ಎಲ್ಲಿ ಬಿಡುವುದು? ನನಗೆ ಯೋಚನೆಯೇ ಬೇಕಾಗಲಿಲ್ಲ. ಎಡ ಅಂಚಿನ ಕೈಯನ್ನು ಕತ್ತರಿಸಿದೆ. ಮೇಲೆ ಉಳಿದ ಛತ್ರಿಯ ತುದಿಯನ್ನು ಅಳಿಸಿದೆ. ಚಿತ್ರ ಅಚ್ಚುಕಟ್ಟಾಯಿತು ಅನಿಸಿತು.

ಮೂವರ ಮಾತು

ಪ್ರೂಫ್ ನೋಡಲು ಅಕ್ಕ ತಂಗಿ ಇಬ್ಬರೂ ಬಂದರು. ತಮ್ಮ ಬೆಂಗಳೂರಿನಲ್ಲಿದ್ದ ಕಾರಣ ಅವರಿಗೆ ವಾಟ್ಸ್ಯಾಪ್ ಮಾಡಿದೆವು.

ಅಕ್ಕ ನೋಡಿದ ಕೂಡಲೇ "ಹಾಂ, ಇದೇ" ಅಂದರು. ಅಷ್ಟೇ. ಕಣ್ಣೊರೆಸಿಕೊಂಡರು.

ತಂಗಿ ತುಂಬಾ ಹೊತ್ತು ಮಾತಾಡಲಿಲ್ಲ. ಅವರು ಹುಟ್ಟಿದ್ದು 1986ರಲ್ಲಿ, ಫೋಟೋದಲ್ಲಿ ಇಲ್ಲ. ಪ್ರೂಫನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮತ್ತೆ ಮೇಜಿನ ಮೇಲೆ ಇಟ್ಟರು. "ಕೆಲಸ ಚೆಂದ ಉಂಟು. ಆದ್ರೆ ಇದು ಅಮ್ಮನ ಫೋಟೋ ಅಂತ ಅನಿಸುವುದಿಲ್ಲ. ಅಮ್ಮ ಕಾವಿ ಸೀರೆ ಉಟ್ಟದ್ದು. ಹೊತ್ತು ಸಂಜೆ. ನೀವು ಮಧ್ಯಾಹ್ನ ಮಾಡಿ ಇಟ್ಟಿದ್ದೀರಿ."

ತಮ್ಮನ ಉತ್ತರ ಹತ್ತು ನಿಮಿಷ ಬಿಟ್ಟು ಬಂತು. ಎರಡೇ ಪದ.

"ಕೈ ಎಲ್ಲಿ?"

ಆ ಕೈ ಅವರ ಅಪ್ಪನದು. ಮಗುವಿಗೆ ಬಿಸಿಲು ಬೀಳದಿರಲಿ ಅಂತ ಪಕ್ಕದಲ್ಲಿ ಛತ್ರಿ ಹಿಡಿದು ನಿಂತಿದ್ದರು. ಅಪ್ಪ ತೀರಿಹೋದಾಗ ಮಗನಿಗೆ ಒಂಬತ್ತು ವರ್ಷ. ಅಪ್ಪನ ಬೇರೆ ಫೋಟೋಗಳು ಇವೆ, ಗೋಡೆಯಲ್ಲಿ ಹಾರ ಹಾಕಿದ್ದೂ ಇದೆ. ಆದರೆ ಅಪ್ಪ ತನಗಾಗಿ ಏನೋ ಮಾಡುತ್ತಿರುವ ಫೋಟೋ ಅಂತ ಇದ್ದದ್ದು ಇದೊಂದೇ. ಮೂಲ ಪ್ರಿಂಟ್‌ನಲ್ಲಿ ಆ ಅಪ್ಪ ನಾಲ್ಕು ಮಿಲಿಮೀಟರು. ಅದನ್ನು ನಾನು ಕಸ ಅಂತ ತೆಗೆದಿದ್ದೆ.

ನನಗೆ ತುಂಬಾ ನೋವಾಯಿತು. ಅದು ಯಾರ ಕೈ ಅಂತ ಕೇಳಲು ಒಂದು ನಿಮಿಷ ಸಾಕಿತ್ತು.

ಒಬ್ಬೊಬ್ಬರನ್ನೇ ಕೇಳಿದ್ದು

ಆಮೇಲೆ ಕೆಲಸ ನಿಲ್ಲಿಸಿ, ಒಬ್ಬೊಬ್ಬರ ಹತ್ತಿರ ಬೇರೆ ಬೇರೆಯಾಗಿ ಮಾತಾಡಿದೆ. ಎಲ್ಲರಿಗೂ ಒಂದೇ ಪ್ರಶ್ನೆ: "ಈ ಫೋಟೋ ನೆನೆಸಿಕೊಂಡರೆ ಮೊದಲು ಎಂತ ಕಾಣ್ತದೆ?"

ಅಕ್ಕನಿಗೆ ಕಾಣುವುದು ಕಾಲು. ಫೋಟೋದಲ್ಲಿ ಕಾಲು ಸರಿಯಾಗಿ ಕಾಣಿಸುವುದೂ ಇಲ್ಲ. "ಚಪ್ಪಲಿ ಎಲ್ಲೋ ಬಿಟ್ಟಿದ್ದೆವು. ಬೀದಿಯ ಕಲ್ಲು ಸುಡ್ತಿತ್ತು. ಎತ್ತಿಕೋ ಅಂತ ಅಳ್ತಿದ್ದೆ. ಅಮ್ಮ ತಮ್ಮನನ್ನು ಎತ್ತಿಕೊಂಡಿದ್ರು. ಅದಕ್ಕೇ ನನ್ನ ಮುಖ ಹಾಗೆ." ಸೀರೆ ಹಸಿರು ಅಂತ ಅವರಿಗೆ ಸಂಶಯವೇ ಇಲ್ಲ. ಆ ಸೆರಗನ್ನು ಮುಷ್ಟಿಯಲ್ಲಿ ಹಿಡಿದ ನೆನಪು ಇನ್ನೂ ಬೆರಳಲ್ಲಿ ಇದೆಯಂತೆ. ಆ ನೆನಪಿಗೆ ಚಿತ್ರದಲ್ಲೂ ಸಾಕ್ಷಿ ಇತ್ತು. ನೆಲದ ಮೇಲೆ ಬಿದ್ದ ನೆರಳುಗಳು ಗಿಡ್ಡ. ಸಂಜೆಯಾಗಿದ್ದರೆ ಉದ್ದ ಇರಬೇಕಿತ್ತು.

ತಂಗಿಯ ಸಂಜೆ ಎಲ್ಲಿಂದ ಬಂತು? ಅದು ಗೊತ್ತಾದದ್ದು ಅವರು ಮಾತಾಡುತ್ತಾ ಹೋದ ಹಾಗೆ. ತೊಂಬತ್ತರ ದಶಕದಲ್ಲಿ ಅವರ ಊರಿನಲ್ಲಿ ಸಂಜೆ ಹೊತ್ತು ಕರೆಂಟ್ ಹೋಗುವುದು ಸಾಮಾನ್ಯ. ಓದಲಿಕ್ಕೆ ಆಗದ ಹೊತ್ತು ಅಮ್ಮ ಕಪಾಟಿನಿಂದ ಆಲ್ಬಮ್ ತೆಗೆಯುತ್ತಿದ್ದರು. ಚಿಮಿಣಿ ದೀಪ ಹತ್ತಿರ ಎಳೆದು, ಮಗಳನ್ನು ಪಕ್ಕ ಕೂರಿಸಿಕೊಂಡು, ಒಂದೊಂದೇ ಫೋಟೋದ ಕತೆ ಹೇಳುತ್ತಿದ್ದರು. ಅಕ್ಕ ಅಷ್ಟರಲ್ಲಿ ದೊಡ್ಡವರು, ಅಣ್ಣ ಆಟಕ್ಕೆ ಹೋಗಿರುತ್ತಿದ್ದರು. ಅಪ್ಪ ಇಲ್ಲದ ಮನೆಯಲ್ಲಿ ಆ ಹೊತ್ತು ಅಮ್ಮ ಇವರೊಬ್ಬರಿಗೇ ಸೇರಿದ್ದು. ಪ್ರಿಂಟ್ ಆಗಲೇ ಕೆಂಪಾಗಲು ಶುರುವಾಗಿರಬೇಕು. ಚಿಮಿಣಿಯ ಹಳದಿ ಬೆಳಕಿನಲ್ಲಿ ಅದು ಇನ್ನೂ ಕೆಂಪು. ದೀಪದ ಬಣ್ಣ, ಮಾಸಿದ ಬಣ್ಣ, ಅಮ್ಮನ ದನಿ, ಎಣ್ಣೆಯ ವಾಸನೆ ಎಲ್ಲ ಕೂಡಿ ಫೋಟೋದೊಳಗೆ ಸಂಜೆ ಬಂದಿತ್ತು. ಅವರ ಮಟ್ಟಿಗೆ ಆ ಸಂಜೆ ಸುಳ್ಳಲ್ಲ. ಫೋಟೋ ತೆಗೆದ ಹೊತ್ತು ಮಧ್ಯಾಹ್ನ, ಫೋಟೋ ನೋಡಿದ ಹೊತ್ತು ಸಂಜೆ. ಅವರು ಬಲ್ಲದ್ದು ಎರಡನೆಯದು.

ತಮ್ಮನ ಮಾತು ನನ್ನನ್ನು ಹೆಚ್ಚು ಯೋಚಿಸುವ ಹಾಗೆ ಮಾಡಿತು. "ನನಗೆ ಆ ದಿನ ನೆನಪುಂಟು. ಅಪ್ಪನ ವಾಚು ಬಿಸಿಲಿಗೆ ಮಿಂಚ್ತಿತ್ತು. ನಾನು ಅದನ್ನೇ ನೋಡ್ತಿದ್ದೆ" ಅಂದರು. ಆಗ ಅವರಿಗೆ ಒಂದೂವರೆ ವರ್ಷ. ಸಾಮಾನ್ಯವಾಗಿ ನಮಗೆ ಉಳಿಯುವ ಮೊದಲ ನೆನಪುಗಳು ಮೂರು, ಮೂರೂವರೆ ವರ್ಷದ ಆಸುಪಾಸಿನವು. ಅದಕ್ಕೂ ಮುಂಚಿನದು ಅಂತ ನಾವು ನಂಬಿರುವುದರಲ್ಲಿ ಹೆಚ್ಚಿನದು ಮನೆಯವರು ಹೇಳಿ ಕೇಳಿದ್ದು, ಇಲ್ಲವೇ ಫೋಟೋ ನೋಡಿ ಕಟ್ಟಿಕೊಂಡದ್ದು. ಫೋಟೋ ಎಷ್ಟು ಸುಲಭವಾಗಿ ನೆನಪನ್ನು ಹುಟ್ಟಿಸುತ್ತದೆ ಅನ್ನುವುದಕ್ಕೆ 2002ರಲ್ಲಿ ಬಂದ ಒಂದು ಅಧ್ಯಯನ ಇದೆ. ಕಿಂಬರ್ಲಿ ವೇಡ್ ಮತ್ತು ಜೊತೆಗಾರರು ಮಾಡಿದ್ದು. 20 ಮಂದಿಯ ಬಾಲ್ಯದ ಫೋಟೋ ತೆಗೆದುಕೊಂಡು, ಅವರು ಬಿಸಿಗಾಳಿ ಬಲೂನಿನಲ್ಲಿ ಕೂತ ಹಾಗೆ ಜೋಡಿಸಿ ತೋರಿಸಿದರು. ಅವರಲ್ಲಿ ಯಾರೂ ಹಾಗೆ ಹಾರಿದವರಲ್ಲ ಅಂತ ಮನೆಯವರಿಂದ ಮೊದಲೇ ಖಚಿತ ಮಾಡಿಕೊಂಡಿದ್ದರು. ಮೂರು ಸಲ ಕೂರಿಸಿ ಮಾತಾಡಿಸುವಷ್ಟರಲ್ಲಿ ಅರ್ಧದಷ್ಟು ಮಂದಿಗೆ ಆ ಹಾರಾಟ ಪೂರ್ತಿಯಾಗಿಯೋ ಸ್ವಲ್ಪವೋ "ನೆನಪಾಯಿತು".

ಇದನ್ನು ನಾನು ತಮ್ಮನಿಗೆ ಹೇಳಲಿಲ್ಲ. ಹೇಳಬೇಕು ಅಂತ ಅನಿಸಲೂ ಇಲ್ಲ. ಫೋಟೋ ಅವರಿಗೆ ಅಪ್ಪನನ್ನು ಕೊಟ್ಟಿದೆ. ನನ್ನ ಕೆಲಸ ಆ ವಾಚನ್ನು ವಾಪಸ್ ತರುವುದು, ಅದು ನಿಜಕ್ಕೂ ನೆನಪಾ ಅಂತ ಪರೀಕ್ಷೆ ಮಾಡುವುದಲ್ಲ.

ನಾಲ್ಕನೆಯವರು ಚಿಕ್ಕಮ್ಮ. ಅಮ್ಮನ ತಂಗಿ, ಕುಂದಾಪುರದಲ್ಲಿ ಇರುವವರು. ಅವರಿಗೆ ಫೋನ್ ಮಾಡಿದಾಗ ಸೀರೆಯ ವಿಷಯ ಇತ್ಯರ್ಥ ಆಯಿತು. "ಹಸಿರೇ. ಎಲೆ ಹಸಿರು, ನೀಲಿ ಅಂಚು. ಹರಿದ ಮೇಲೆ ಅದನ್ನೇ ತೊಟ್ಟಿಲು ಕಟ್ಟಿದ್ದು. ಸಣ್ಣವಳು ಮಲಗಿದ್ದು ಅದರಲ್ಲೇ!" ಅಂದರು. ತಂಗಿ ಆ ಸೀರೆಯಲ್ಲೇ ತಿಂಗಳುಗಟ್ಟಲೆ ನಿದ್ದೆ ಮಾಡಿದ್ದರು, ಆದರೆ ಅದರ ಬಣ್ಣ ಅವರಿಗೆ ಗೊತ್ತಾದದ್ದು ಫೋಟೋದಿಂದ.

ಚಿಕ್ಕಮ್ಮ ಇನ್ನೊಂದು ವಿಷಯವನ್ನೂ ಹೇಳಿದರು. ಅಮ್ಮನಿಗೆ ಈ ಫೋಟೋ ಸೇರುತ್ತಿರಲಿಲ್ಲ! "ಮುಖ ಓರೆ ಬಂದಿದೆ, ನಾನು ಹೀಗೆ ಇಲ್ಲ" ಅಂತ ಪ್ರತಿ ಸಲ ಹೇಳುತ್ತಿದ್ದರಂತೆ. ಮಕ್ಕಳಿಗೆ ಮಾತ್ರ ಅಮ್ಮ ಇದ್ದದ್ದೇ ಹಾಗೆ. ಇಬ್ಬರದೂ ತಪ್ಪಲ್ಲ. ನಮ್ಮ ಮುಖವನ್ನು ನಾವು ನೋಡುವುದು ಕನ್ನಡಿಯಲ್ಲಿ, ಎಡ ಬಲ ಅದಲು ಬದಲಾಗಿ. ಉಳಿದವರು ನೋಡುವುದು ನೇರವಾಗಿ. ಅಮೆರಿಕದಲ್ಲಿ 1977ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಒಬ್ಬರದೇ ಮುಖದ ಎರಡು ಪ್ರಿಂಟ್ ಮಾಡಿದರು, ಒಂದು ನೇರ, ಒಂದು ಕನ್ನಡಿಯ ಹಾಗೆ ತಿರುಗಿಸಿದ್ದು. ಫೋಟೋದಲ್ಲಿದ್ದವರು ಹೆಚ್ಚಾಗಿ ತಿರುಗಿಸಿದ್ದನ್ನೇ ಮೆಚ್ಚಿದರು, ಅವರ ಆಪ್ತರು ನೇರವಾದುದನ್ನು. ಪದೇ ಪದೇ ಕಂಡದ್ದು ಇಷ್ಟವಾಗುತ್ತಾ ಹೋಗುತ್ತದೆ ಅಂತ ರಾಬರ್ಟ್ ಜಾಯೊನ್ಸ್ 1968ರಲ್ಲೇ ತೋರಿಸಿದ್ದರು. "ನನ್ನ ಫೋಟೋ ಚೆನ್ನಾಗಿ ಬರುವುದಿಲ್ಲ ಮಾರಾಯ್ರೆ" ಅಂತ ಪಾಸ್‌ಪೋರ್ಟ್ ಫೋಟೋ ತೆಗೆಸಲು ಬಂದವರು ಹೇಳಿದಾಗೆಲ್ಲ ನಾನು ಸುಮ್ನೆ ನಾಚಿಕೆ ಅಂದುಕೊಳ್ಳುತ್ತಿದ್ದೆ. ಅವರು ತಮಗೆ ಕಂಡ ನಿಜವನ್ನೇ ಹೇಳುತ್ತಿದ್ದರು.

ನನ್ನ ಕಣ್ಣಿನ ಮಾತು

ಈಗ ನನ್ನ ವಿಷಯ. ಆ ಕೈಯನ್ನು ನಾನು ಯಾಕೆ ಅಷ್ಟು ಬೇಗ ಕತ್ತರಿಸಿದೆ?

ಹದಿನೇಳನೇ ವಯಸ್ಸಿನಲ್ಲಿ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದ್ದೆ. ಅಲ್ಲಿಯ ಯಜಮಾನರು ಪ್ರತಿ ಪ್ರಿಂಟನ್ನೂ ಕಟರ್ ಕೆಳಗೆ ಇಡುವ ಮೊದಲು ನಾಲ್ಕೂ ಅಂಚಿನ ಮೇಲೆ ಬೆರಳು ಓಡಿಸುತ್ತಿದ್ದರು. "ಅಂಚು ನೋಡು. ಅಂಚಲ್ಲಿ ಕೈ, ತಲೆ, ಚೀಲ ಎಂತದೂ ಇರಬಾರದು. ಅಂಚು ಕ್ಲೀನ್ ಇದ್ರೆ ಫೋಟೋ ಒಳ್ಳೆದು." ಸಾವಿರಾರು ಸಲ ಕೇಳಿದ ಮಾತು. ಅವರ ಬೆರಳು ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ. ನಾನು ಅದನ್ನು ಫೋಟೋಗ್ರಫಿಯ ನಿಯಮ ಅಂತ ತಿಳಿದಿದ್ದೆ. ಈಗ ನೋಡಿದರೆ ಅದೂ ನನ್ನ ಒಂದು ನೆನಪೇ. ತಂಗಿಗೆ ಚಿಮಿಣಿ ದೀಪ ಹೇಗೋ ನನಗೆ ಆ ಕಟರ್ ಹಾಗೆ. ನನ್ನ ತೀರ್ಪು ಕಸುಬಿನದು, ಅವರದು ಭಾವನೆಯದು ಅಂತ ನಾನು ಮಾಡಿಕೊಂಡಿದ್ದ ಭಾಗ ಸರಿಯಲ್ಲ.

ಹಾಗಂತ ಕಸುಬು ಸುಳ್ಳು ಅಂತಲೂ ಅಲ್ಲ. ಬಾಳೆ ಎಲೆ ಹಸಿರು, ಪಂಚೆ ಬಿಳಿ, ನೆರಳು ಗಿಡ್ಡ. ಇವು ಯಾರ ನೆನಪನ್ನೂ ಕೇಳುವುದಿಲ್ಲ. ಆದರೆ ಒಂದು ಫೋಟೋದಲ್ಲಿ ಇಂಥ ಸಂಗತಿಗಳು ಬೇರೆ, ಅದು "ಒಳ್ಳೆಯದು" ಅನ್ನುವುದು ಬೇರೆ. ಮೊದಲನೆಯದನ್ನು ನಾನು ಹೇಳಬಲ್ಲೆ. ಎರಡನೆಯದನ್ನು ಕೇಳಿ ತಿಳಿಯಬೇಕು.

ಇದನ್ನು ಯೋಚಿಸುವಾಗ ಫ್ರಾನ್ಸಿನ ಲೇಖಕ ರೋಲಾಂ ಬಾರ್ತ್ ನೆನಪಾಗುತ್ತಾರೆ. ಅವರ ತಾಯಿ ತೀರಿಹೋದದ್ದು 1977ರಲ್ಲಿ. ಆಮೇಲೆ ಹಳೆಯ ಫೋಟೋಗಳ ನಡುವೆ ಅಮ್ಮನನ್ನು ಹುಡುಕುತ್ತಾ ಹೋದರು. ಸಿಕ್ಕಿದ್ದು ಅವರು ಹುಟ್ಟುವುದಕ್ಕೆ ಮುಂಚಿನ, 1898ರ ಒಂದು ಮಾಸಿದ ಫೋಟೋದಲ್ಲಿ. ಅಮ್ಮ ಅದರಲ್ಲಿ ಐದು ವರ್ಷದ ಹುಡುಗಿ, ಗಾಜಿನ ಮಾಡಿನ ಗಿಡಮನೆಯಲ್ಲಿ ಅಣ್ಣನ ಜೊತೆ ನಿಂತಿದ್ದಾಳೆ. 1980ರಲ್ಲಿ ಫೋಟೋಗಳ ಬಗ್ಗೆ ಅವರ ಪುಸ್ತಕ ಬಂತು. ಅದರಲ್ಲಿ ಬೇರೆ ಎಷ್ಟೋ ಫೋಟೋಗಳಿವೆ. ಈ ಒಂದು ಫೋಟೋದ ಬಗ್ಗೆ ಪುಟಗಟ್ಟಲೆ ಬರೆದರೂ ಅದನ್ನು ಮಾತ್ರ ಅಚ್ಚು ಹಾಕಲಿಲ್ಲ. ನೋಡುವವರಿಗೆ ಅದು ಸಾವಿರದಲ್ಲಿ ಒಂದು ಸಾಧಾರಣ ಫೋಟೋ, ತನಗಷ್ಟೇ ಅದು ಅಮ್ಮ ಅನ್ನುವುದು ಅವರ ಕಾರಣ. ತಂಗಿಯೂ ಅಮ್ಮನನ್ನು ಕಂಡದ್ದು ತಾನು ಹುಟ್ಟುವ ಮುಂಚಿನ ಫೋಟೋದಲ್ಲೇ, ಅಲ್ವಾ? ಆ ಕೆಂಪು ಪ್ರಿಂಟನ್ನು ಬೇರೆ ಯಾರಿಗಾದರೂ ತೋರಿಸಿದರೆ, ಮಾಸಿದ ಫೋಟೋ, ಸರಿ ಮಾಡಿಸಿ ಅಂತ ಹೇಳಿಯಾರು. ನಾನೂ ಅದನ್ನೇ ಹೇಳಿದ್ದೆ.

ಎರಡನೇ ಸಲ ಮಾಡಿದ್ದು

ವರ್ಷಾಂತಿಕಕ್ಕೆ ಹತ್ತು ದಿನ ಉಳಿದಿತ್ತು. ಮೂವರನ್ನೂ ಒಂದೇ ಕರೆಯಲ್ಲಿ ಸೇರಿಸಿ ಮಾತಾಡಿದೆ. ಸ್ವಲ್ಪ ಬಿಸಿಯೂ ಆಯಿತು. "ಅಕ್ಕ, ನಿನಗೆ ಅಮ್ಮನ ಹತ್ತಿರ ಎಷ್ಟು ಸೀರೆ ನೆನಪುಂಟು! ನನಗೆ ಇದೊಂದೇ" ಅಂದರು ತಂಗಿ. ಅಕ್ಕ ಅದಕ್ಕೆ ಉತ್ತರ ಕೊಡಲಿಲ್ಲ. ಹಸಿರಿಗೂ ಕಾವಿಗೂ ನಡುವಿನ ಒಂದು ಬಣ್ಣ ಮಾಡಿದರೆ ಹೇಗೆ ಅಂತ ತಮ್ಮ ಕೇಳಿದರು. ಮಾಡಿ ನೋಡಿದೆ. ಅದು ಯಾರ ಅಮ್ಮನೂ ಆಗಲಿಲ್ಲ. ಮೂವರೂ ಬೇಡ ಅಂದರು.

ಕೊನೆಗೆ ಹೀಗೆ ಮಾಡಿದೆವು. ಹಾಲ್‌ನ ಫೋಟೋ ಹಸಿರು ಸೀರೆಯದ್ದೇ. ಆದರೆ ಈ ಸಲ ಒಂದು ಕೂದಲೆಳೆಯಷ್ಟೂ ಕತ್ತರಿಸಲಿಲ್ಲ. ಚಿತ್ರವನ್ನು ಅಗಲ ಎತ್ತರದ ಅದೇ ಪ್ರಮಾಣದಲ್ಲಿ ದೊಡ್ಡದು ಮಾಡಿ, ಸುತ್ತ ಬಿಳಿ ಹಾಳೆಯ ಅಂಚು ಬಿಟ್ಟು, ಫ್ರೇಮಿಗೆ ಕೂರಿಸಿದೆ. ಕೈ ಬಂತು, ವಾಚು ಬಂತು, ಛತ್ರಿಯ ತುಂಡು ಬಂತು. ನಾಲ್ಕು ಮಿಲಿಮೀಟರು ಇದ್ದದ್ದು ದೊಡ್ಡದಾದಾಗ ಒಂದು ಸೆಂಟಿಮೀಟರು ದಾಟಿತು. ವಾಚಿನ ಗಾಜಿನ ಮೇಲೆ ನಿಜವಾಗಿಯೂ ಒಂದು ಬಿಳಿ ಚುಕ್ಕೆ ಇದೆ. ಬಿಸಿಲು ಅಲ್ಲಿ ಮಿಂಚಿದೆ.

ತಂಗಿಗೆ ಬೇರೆ ಒಂದು ಪ್ರಿಂಟ್. ಮೂಲದ ಅಳತೆಯಲ್ಲೇ, ಕೆಂಪು ಹಾಗೇ ಇಟ್ಟು. ಹುಳ ತಿಂದ ಮೂಲೆಯನ್ನು ಮಾತ್ರ ಸರಿ ಮಾಡಿದೆ. ಮಡಿಕೆಯ ಗೆರೆ ತೆಗೆಯಲಾ ಅಂತ ಕೇಳಿದೆ. ಬೇಡ ಅಂದರು. ಚಿಕ್ಕವರಿದ್ದಾಗ ಅದನ್ನು ಮಡಚಿ ಶಾಲೆಯ ಚೀಲದಲ್ಲಿ ಇಟ್ಟುಕೊಂಡು ಹೋದದ್ದು ಅವರೇ.

ಎರಡೂ ಪ್ರಿಂಟ್‌ನ ಹಿಂದೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ ಬರೆದೆ: ಮೂಲ ಯಾವಾಗಿನದು, ಸ್ಕ್ಯಾನ್ ಯಾವಾಗ ಮಾಡಿದ್ದು, ಯಾವ ಬಣ್ಣ ಬದಲಾಯಿಸಿದ್ದು, ಯಾವುದನ್ನು ಮುಟ್ಟಿಲ್ಲ. ಮುಂದೆ ಮೊಮ್ಮಕ್ಕಳು ನೋಡಿದಾಗ ಎರಡರಲ್ಲಿ ಯಾವುದು ಏನು ಅಂತ ಗೊತ್ತಾಗಬೇಕು. ಬಾಲ್ ಪೆನ್ನಿನಲ್ಲಿ ಒತ್ತಿ ಬರೆದರೆ ಅಚ್ಚು ಮುಂದಕ್ಕೆ ಮೂಡುತ್ತದೆ, ಹಾಗಾಗಿ ಪೆನ್ಸಿಲ್. ಹಳೆಯ ಫೋಟೋ ಇರುವ ಎಲ್ಲರಿಗೂ ಇದನ್ನು ಹೇಳುತ್ತೇನೆ: ಹೆಸರು, ಊರು, ಯಾರ ಪರ್ಯಾಯವೋ ಅದು, ಬಲ್ಲವರು ಇರುವಾಗಲೇ ಹಿಂದೆ ಬರೆದಿಡಿ. ಅಂಚಿನಲ್ಲಿ ಕಾಣುವ ಕೈ ಯಾರದು ಅಂತಲೂ ಬರೆಯಿರಿ. ಗಾಜಿಗೆ ಅಂಟಿದ ಫೋಟೋ ಇದ್ದರೆ ಎಳೆಯಬೇಡಿ, ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿಸಿ.

ನನ್ನ ಕೆಲಸದ ಕ್ರಮವೂ ಬದಲಾಗಿದೆ. ಈಗ ಯಾರೇ ಬಂದರೂ ಮೊದಲು ಫೋಟೋವನ್ನು ಮೇಜಿನ ಮೇಲೆ ಇಟ್ಟು ಎರಡು ಮಾತು ಕೇಳುತ್ತೇನೆ. ಇದರಲ್ಲಿ ಎಂತ ಬೇಕು? ಎಂತ ಹೋಗಬಾರದು? ಮನೆಯಲ್ಲಿ ಇನ್ನು ಯಾರು ಯಾರು ಈ ಫೋಟೋ ನೋಡಿ ಬೆಳೆದವರು ಅಂತ ಕೇಳಿ, ಸಾಧ್ಯವಾದರೆ ಅವರಿಗೂ ಫೋನ್ ಮಾಡುತ್ತೇನೆ. ಕೆಲಸಕ್ಕೆ ಒಂದು ದಿನ ಜಾಸ್ತಿ ಹಿಡಿಯುತ್ತದೆ. ಕೆಲವರು ಬೇಸರ ಮಾಡಿಕೊಂಡು ಬೇರೆ ಕಡೆ ಹೋಗಿದ್ದೂ ಇದೆ.

ಫೋಟೋ ತೆಗೆದುಕೊಂಡು ಹೋಗಲು ಅಕ್ಕ ತಂಗಿಯ ಜೊತೆ ಚಿಕ್ಕಮ್ಮನೂ ಬಂದಿದ್ದರು. ಮಾಳಿಗೆಯ ಮೆಟ್ಟಿಲು ಹತ್ತಿ ಸುಸ್ತಾಗಿ, ಕುರ್ಚಿಯಲ್ಲಿ ಕೂತು, ಫ್ರೇಮನ್ನು ತೊಡೆಯ ಮೇಲೆ ಇಟ್ಟುಕೊಂಡರು. ಹಸಿರನ್ನು ನೋಡಿ ತಲೆ ಆಡಿಸಿದರು. ಗಾಜಿನ ಮೇಲೆ ಬೆರಳಿಟ್ಟು ನೀಲಿ ಅಂಚನ್ನು ಮೇಲಿಂದ ಕೆಳಗಿನ ತನಕ ಸವರಿದರು.

"ಬಣ್ಣ ಸರಿ ಉಂಟು. ಅಂಚು ಮಾತ್ರ ಇಷ್ಟು ಅಗಲ ಇರ್ಲಿಲ್ಲ" ಅಂದರು. "ಅಕ್ಕನ ಆ ಸೀರೆಗೆ ಸಣ್ಣ ಅಂಚು."

ಅಂಚಿನ ಅಗಲವನ್ನು ನಾನು ಮುಟ್ಟಿರಲಿಲ್ಲ. ಅಕ್ಕ ನನ್ನ ಮುಖ ನೋಡಿದರು. "ಇರಬಹುದು ಚಿಕ್ಕಮ್ಮ" ಅಂದೆ. ಹೊರಗೆ ಮಳೆ ಶುರುವಾಗಿತ್ತು. ಫ್ರೇಮಿಗೆ ಎರಡು ಸುತ್ತು ಪ್ಲಾಸ್ಟಿಕ್ ಕಟ್ಟಿ ಕೊಟ್ಟೆ. ಸಣ್ಣ ಪ್ರಿಂಟನ್ನು ತಂಗಿ ಯಾರ ಕೈಗೂ ಕೊಡದೆ ಅದೇ ಪಂಚಾಂಗದೊಳಗೆ ಇಟ್ಟುಕೊಂಡರು. ಮೂವರೂ ಒಂದೇ ಛತ್ರಿಯಲ್ಲಿ ಬಸ್ ಸ್ಟ್ಯಾಂಡಿನ ಕಡೆ ನಡೆದರು.